ಉಸಿರು ಕಟ್ಟುವ ನಿದ್ದೆಗೆ ಹಲ್ಲಿನ ಡಾಕ್ಟರ ಮದ್ದು

ಸ್ಲೀಪ್ ಆ್ಯಪ್ನಿಯಾಕ್ಕೆ ಚಿಕಿತ್ಸೆ ಏನೆಂದು ಕೇಳಿದರೆ ಬಹುಪಾಲು ವೈದ್ಯರ ಉತ್ತರ ಒಂದೇ: ಸಿಪ್ಯಾಪ್. ಮೂಗಿಗೆ ಮುಖವಾಡ ಕಟ್ಟಿ, ಹಾಸಿಗೆಯ ಪಕ್ಕದ ಯಂತ್ರದಿಂದ ಒತ್ತಡದ ಗಾಳಿ ಹಾಯಿಸಿ, ಗಂಟಲು ಮುಚ್ಚಿಕೊಳ್ಳದಂತೆ ರಾತ್ರಿಯಿಡೀ ತೆರೆದಿಡುವ ಉಪಾಯ ಅದು. ಉಪಾಯ ಗಟ್ಟಿಯಾದದ್ದೇ; ಹೆಚ್ಚಿನವರಿಗೆ ಕಟ್ಟಿಕೊಂಡ ಮೊದಲ ರಾತ್ರಿಯೇ ಗೊರಕೆ ನಿಲ್ಲುತ್ತದೆ. ಆದರೆ ಹತ್ತಾರು ಸಾವಿರ ಕೊಟ್ಟು ತಂದ ಯಂತ್ರಗಳಲ್ಲಿ ಎಷ್ಟೋ ಕೆಲವೇ ತಿಂಗಳಲ್ಲಿ ಬೀರುವಿನ ಮೇಲೇರುತ್ತವೆ. ಮುಖ ಬೆವರುತ್ತದೆ, ಮೂಗು ಒಣಗುತ್ತದೆ, ಕೊಳವೆ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ, ಪಕ್ಕದಲ್ಲಿ ಮಲಗಿದವರಿಗೆ ಸದ್ದು. ಹೀಗೆ ಯಂತ್ರ ಬಿಟ್ಟವರನ್ನು ಹಟಮಾರಿಗಳೆಂದು ಬಗೆದು ಅಲ್ಲಿಗೇ ಕೈಬಿಡುವುದು ರೂಢಿಯಾಗಿದೆ. ಕೆಳದವಡೆಯನ್ನು ತುಸು ಮುಂದಕ್ಕೆ ಹಿಡಿದಿಡುವ, ದಂತವೈದ್ಯರು ಅಳತೆ ತೆಗೆದು ಮಾಡಿಕೊಡುವ ಒಂದು ಪುಟ್ಟ ಸಾಧನ ಇದೆ ಎಂಬ ಮಾತು ಅವರ ಕಿವಿಗೆ ಬೀಳುವುದೇ ಅಪರೂಪ. ಕಾಯಿಲೆ ಸೌಮ್ಯ ಅಥವಾ ಮಧ್ಯಮ ಪ್ರಮಾಣದಲ್ಲಿರುವವರಿಗೆ, ಹಾಗೆಯೇ ಸಿಪ್ಯಾಪ್ ತಾಳಲಾರದವರಿಗೆ, ಈ ಸಾಧನದ ವಿಷಯವನ್ನು ಮೊದಲ ಭೇಟಿಯಲ್ಲೇ ಹೇಳಬೇಕು ಎಂಬುದು ಇಲ್ಲಿನ ವಾದ. ಅದಕ್ಕೊಂದು ಬಿಗಿಯಾದ ಷರತ್ತೂ ಇದೆ: ಸಾಧನ ಹಾಕುವ ಮುಂಚೆ ಒಂದು, ಹಾಕಿದ ಮೇಲೆ ಒಂದು, ಎರಡು ನಿದ್ರಾ ಪರೀಕ್ಷೆ ಆಗಲೇಬೇಕು. ವಾದವನ್ನು ಗಾಳಿಯಲ್ಲಿ ಬಿಡದೆ ಒಂದು ನೆಲದ ಮೇಲೆ ನಿಲ್ಲಿಸಿ ನೋಡುವುದು ಒಳ್ಳೆಯದು. ಮೈಸೂರಿನ ವಿದ್ಯಾರಣ್ಯಪುರಂ ಅದಕ್ಕೆ ತಕ್ಕ ಜಾಗ. ನಂಜನಗೂಡು ರಸ್ತೆಗೆ ಅಂಟಿಕೊಂಡ, ಹೊರಗಿನವರಿಗೆ ಸೂಯೇಜ್ ಫಾರಂನಿಂದಲೇ ಹೆಚ್ಚು ಗೊತ್ತಿರುವ ಈ ಬಡಾವಣೆಯಲ್ಲಿ ಪಿಂಚಣಿದಾರರೂ ಇದ್ದಾರೆ, ಪಾಳಿ ಕೆಲಸದವರೂ ಇದ್ದಾರೆ, ಗಾಡಿ ಓಡಿಸುವವರೂ ಇದ್ದಾರೆ. ದೊಡ್ಡ ಆಸ್ಪತ್ರೆ ಆಟೋ ಹಿಡಿದರೆ ಸಿಗುವಷ್ಟು ಹತ್ತಿರ.

ಕಾಯಿಲೆಯ ಒಳಗುಟ್ಟು ಸರಳ. ನಾಲಿಗೆ ಮತ್ತು ಮೃದು ಅಂಗುಳದ ಹಿಂದಿನ ಗಂಟಲಿಗೆ ಮೂಳೆಯ ಆಸರೆಯಿಲ್ಲ. ಎಚ್ಚರವಿದ್ದಾಗ ಸ್ನಾಯುಗಳೇ ಅದನ್ನು ತೆರೆದಿಡುತ್ತವೆ. ನಿದ್ದೆ ಬಂದಾಗ ಸ್ನಾಯು ಸಡಿಲವಾಗುತ್ತದೆ, ನಾಲಿಗೆ ಹಿಂದಕ್ಕೆ ಜಾರುತ್ತದೆ, ದಾರಿ ಕಿರಿದಾಗಿ ಗೊರಕೆಯಾಗುತ್ತದೆ, ಪೂರ್ತಿ ಮುಚ್ಚಿದರೆ ಉಸಿರೇ ನಿಲ್ಲುತ್ತದೆ. ಹತ್ತು ಸೆಕೆಂಡಿಗೂ ಹೆಚ್ಚು ನಿಂತರೆ ಅದು ಒಂದು ಆ್ಯಪ್ನಿಯಾ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತಿದ್ದಂತೆ ಮಿದುಳು ಕ್ಷಣಕಾಲ ಎಚ್ಚರಗೊಂಡು ದಾರಿ ತೆರೆಸುತ್ತದೆ. ಮಲಗಿದವರಿಗೆ ಅದರ ನೆನಪೇ ಉಳಿಯುವುದಿಲ್ಲ. ಉಸಿರು ನಿಲ್ಲುವ ಅಥವಾ ಬಹಳ ಕುಗ್ಗುವ ಘಟನೆಗಳು ಗಂಟೆಗೆ 5ರಿಂದ 15 ಇದ್ದರೆ ಸೌಮ್ಯ, 15ರಿಂದ 30 ಇದ್ದರೆ ಮಧ್ಯಮ, 30 ದಾಟಿದರೆ ತೀವ್ರ ಎಂದು ಲೆಕ್ಕ. ಏರುವ ಬಿಪಿ, ಹಗಲಿನ ತೂಕಡಿಕೆ, ಮರೆವು, ಹೃದಯದ ಲಯ ತಪ್ಪುವುದು, ಪಾರ್ಶ್ವವಾಯು ಇವೆಲ್ಲಕ್ಕೂ ಈ ಕಾಯಿಲೆಗೂ ನಂಟಿದೆ. ಇದು ಬೊಜ್ಜಿನ ಅಮೆರಿಕದವರ ರೋಗವೆಂದು ಬಹುಕಾಲ ನಂಬಲಾಗಿತ್ತು. ಮುಂಬೈಯ ನಡುವಯಸ್ಸಿನ ಗಂಡಸರ ಮೇಲೆ ಉದ್ವಾಡಿಯಾ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ಅಲುಗಿಸಿತು: 19.5%ರಷ್ಟು ಮಂದಿಗೆ ನಿದ್ದೆಯಲ್ಲಿ ಉಸಿರಿನ ತೊಂದರೆ, 7.5% ಮಂದಿಗೆ ಹಗಲಿನ ಲಕ್ಷಣಗಳೂ ಸೇರಿದ ಪೂರ್ಣ ಕಾಯಿಲೆ. 2023ರಲ್ಲಿ ದೆಹಲಿಯ ಏಮ್ಸ್ ಸಂಶೋಧಕರು ಭಾರತದ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ, ವಯಸ್ಕರಲ್ಲಿ ಸುಮಾರು 11% ಎಂದರೆ 10.4 ಕೋಟಿ ಜನರಿಗೆ ಇದು ಇರಬಹುದು, ಅವರಲ್ಲಿ 4.7 ಕೋಟಿ ಮಂದಿಯದು ಮಧ್ಯಮ ಅಥವಾ ತೀವ್ರ ಎಂದು ಅಂದಾಜಿಸಿದರು. ಏಷ್ಯಾದವರಲ್ಲಿ ಅಷ್ಟೇನೂ ದಪ್ಪಗಿಲ್ಲದವರಿಗೂ ಇದು ಬರುವುದಕ್ಕೆ ಮುಖದ ಎಲುಬಿನ ರಚನೆ ಒಂದು ಕಾರಣ; ದವಡೆ ಚಿಕ್ಕದು ಅಥವಾ ಹಿಂದೆ ಸರಿದದ್ದು, ನಾಲಿಗೆಗೆ ಜಾಗ ಸಾಲದು. ಸಮಸ್ಯೆ ದವಡೆಯದ್ದಾದರೆ ಪರಿಹಾರವನ್ನೂ ದವಡೆಯಲ್ಲಿ ಹುಡುಕುವುದು ಸಹಜವೇ.

ಹುಡುಕಾಟ ಹೊಸದೂ ಅಲ್ಲ. ಹುಟ್ಟಿನಿಂದ ಕೆಳದವಡೆ ಹಿಂದೆ ಉಳಿದು ನಾಲಿಗೆ ಗಂಟಲಿಗೆ ಬೀಳುವ ಮಕ್ಕಳ ಕಷ್ಟವನ್ನು ಕಂಡ ಫ್ರಾನ್ಸಿನ ದಂತವೈದ್ಯ ಪಿಯೆರ್ ರೋಬಿನ್, ದವಡೆಯನ್ನು ಮುಂದೆ ತರುವ ಸಾಧನವನ್ನು 1902ರಲ್ಲೇ ವಿವರಿಸಿದ್ದರು. ಸಿಪ್ಯಾಪ್ ಬಂದದ್ದು ಅದಾದ ಮುಕ್ಕಾಲು ಶತಮಾನದ ಮೇಲೆ: ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ಐದು ರೋಗಿಗಳ ಮೇಲಿನ ಫಲಿತಾಂಶವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ತೀವ್ರ ರೋಗಿಗಳಿಗೆ ಉಳಿದಿದ್ದದ್ದು ಕುತ್ತಿಗೆಯಲ್ಲಿ ರಂಧ್ರ ಮಾಡುವ ಶಸ್ತ್ರಕ್ರಿಯೆ ಮಾತ್ರ, ಹಾಗಾಗಿ ಹೊಸ ಯಂತ್ರಕ್ಕೆ ಸಿಕ್ಕ ಸ್ವಾಗತ ನ್ಯಾಯವಾದದ್ದೇ. ಮರುವರ್ಷವೇ ಅಮೆರಿಕದಲ್ಲಿ ರೊಸಲಿಂಡ್ ಕಾರ್ಟ್‌ರೈಟ್ ಮತ್ತು ಸ್ಯಾಮೆಲ್ಸನ್, ನಾಲಿಗೆಯನ್ನು ಮುಂದಕ್ಕೆ ಹೀರಿ ಹಿಡಿಯುವ ಸಾಧನದ ಫಲಿತಾಂಶ ಹೊರತಂದರು. 1980ರ ದಶಕದಲ್ಲೇ ಜರ್ಮನಿಯಲ್ಲಿ ದವಡೆ ಸಾಧನಗಳೂ ಬಂದವು. ಆದರೆ ಶ್ವಾಸಕೋಶ ತಜ್ಞರ ಕೈಯಲ್ಲಿದ್ದ ಕಾಯಿಲೆಗೆ ಶ್ವಾಸಕೋಶ ತಜ್ಞರ ಉಪಕರಣವೇ ಮದ್ದಾಗಿ ನಿಂತಿತು. ದಂತವೈದ್ಯರ ಕಾಣಿಕೆ ಪಕ್ಕಕ್ಕೆ ಸರಿಯಿತು.

ಸಾಧನದ ಕೆಲಸ ಹೇಗೆ? ಮೇಲಿನ ಹಲ್ಲಿನ ಸಾಲಿಗೊಂದು, ಕೆಳಗಿನ ಸಾಲಿಗೊಂದು ಕವಚ. ಎರಡನ್ನೂ ಜೋಡಿಸುವ ತಿರುಪು ಅಥವಾ ಪಟ್ಟಿ. ದವಡೆ ಮುಂದೆ ಬಂದಾಗ ಅದಕ್ಕೆ ಅಂಟಿಕೊಂಡ ನಾಲಿಗೆಯ ಬುಡವೂ ಮುಂದೆ ಬರುತ್ತದೆ, ಅಂಗುಳದ ಹಿಂದಿನ ದಾರಿಯ ಅಕ್ಕಪಕ್ಕದ ಗೋಡೆಗಳು ಬಿಗಿಗೊಂಡು ಅಗಲವಾಗುತ್ತವೆ. ಇದನ್ನು ಮಾಡುವುದು ಹಲ್ಲಿನ ಸೆಟ್ಟು ಮಾಡಿದಂತೆ ಒಂದೆರಡು ಭೇಟಿಯಲ್ಲಿ ಮುಗಿಯುವ ಕೆಲಸವಲ್ಲ. ಹಲ್ಲು, ವಸಡು, ಕಿವಿಯ ಮುಂದಿನ ದವಡೆ ಕೀಲು ಎಲ್ಲವನ್ನೂ ಮೊದಲು ನೋಡಬೇಕು. ಆಮೇಲೆ ಅಚ್ಚು ತೆಗೆಯಬೇಕು, ಈಗ ಬಾಯೊಳಗೆ ಕ್ಯಾಮೆರಾ ಆಡಿಸಿ ಕಂಪ್ಯೂಟರಿನಲ್ಲೇ ಅಚ್ಚು ಪಡೆಯುವವರೂ ಇದ್ದಾರೆ. ರೋಗಿ ದವಡೆಯನ್ನು ಗರಿಷ್ಠ ಎಷ್ಟು ಮುಂದೆ ಚಾಚಬಲ್ಲರೋ ಅಳೆದು, ಅದರ ಸುಮಾರು ಅರ್ಧದಷ್ಟರಲ್ಲಿ ಆರಂಭಿಸಿ, ವಾರಗಟ್ಟಲೆ ಸ್ವಲ್ಪಸ್ವಲ್ಪವೇ ತಿರುಪು ಮುಂದೆ ಮಾಡುತ್ತ ಹೋಗಬೇಕು. ಗೊರಕೆ ನಿಂತಿತೆಂದು ಮನೆಯವರು ಹೇಳಿದ ಮೇಲೂ ಕೆಲಸ ಮುಗಿಯುವುದಿಲ್ಲ. ಸಾಧನ ಹಾಕಿಕೊಂಡೇ ಮತ್ತೊಮ್ಮೆ ಸ್ಲೀಪ್ ಸ್ಟಡಿ ಆಗಬೇಕು. ಅಮೆರಿಕದ ನಿದ್ರಾವೈದ್ಯರ ಮತ್ತು ನಿದ್ರಾ ದಂತವೈದ್ಯರ ಸಂಘಗಳು 2015ರಲ್ಲಿ ಜಂಟಿಯಾಗಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ರೋಗಿಯ ಬಾಯಿಗೇ ಅಳೆದು ಮಾಡಿದ, ಹೊಂದಿಸಿಕೊಳ್ಳಬಹುದಾದ ಸಾಧನ, ಅರ್ಹ ದಂತವೈದ್ಯರು, ನಂತರ ಮರುಪರೀಕ್ಷೆ. ಭಾರತದ ತಜ್ಞರ ಇನೋಸಾ ಮಾರ್ಗಸೂಚಿ ಕೂಡ ಸೌಮ್ಯ ಮತ್ತು ಮಧ್ಯಮ ಕಾಯಿಲೆಯಲ್ಲಿ ಇದನ್ನು ಬಯಸುವವರಿಗೆ, ಸಿಪ್ಯಾಪ್ ಒಗ್ಗದವರಿಗೆ ಇದನ್ನು ಒಪ್ಪುತ್ತದೆ. ಕಾಗದದ ಮೇಲೆ ಜಗಳವಿಲ್ಲ. ಜಗಳವಿರುವುದು ಕ್ಲಿನಿಕ್ಕಿನ ಮೇಜಿನ ಮುಂದೆ.

ಅಲ್ಲಿ ಕೇಳಿಬರುವ ಮೊದಲ ಆಕ್ಷೇಪ: ಸಿಪ್ಯಾಪ್‌ನಷ್ಟು ಇದು ಕೆಲಸ ಮಾಡುವುದಿಲ್ಲ. ನಿಜ. ಸಿಡ್ನಿಯಲ್ಲಿ ಫಿಲಿಪ್ಸ್ ಮತ್ತು ಸಂಗಡಿಗರು 126 ಮಂದಿ ಮಧ್ಯಮ-ತೀವ್ರ ರೋಗಿಗಳಿಗೆ ಒಂದು ತಿಂಗಳು ಸಿಪ್ಯಾಪ್, ಒಂದು ತಿಂಗಳು ದವಡೆ ಸಾಧನ ಕೊಟ್ಟು 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಂಟೆಗೆ ಉಸಿರು ನಿಲ್ಲುವ ಲೆಕ್ಕ ಸಿಪ್ಯಾಪ್‌ನಲ್ಲಿ ಸರಾಸರಿ 4.5ಕ್ಕೆ ಇಳಿಯಿತು, ಸಾಧನದಲ್ಲಿ 11.1ಕ್ಕೆ. ಇಲ್ಲಿಗೆ ನಿಲ್ಲಿಸಿದರೆ ತೀರ್ಪು ಸ್ಪಷ್ಟ. ಆದರೆ ಅದೇ ಅಧ್ಯಯನದಲ್ಲಿ ಜನ ಸಿಪ್ಯಾಪ್ ಕಟ್ಟಿಕೊಂಡದ್ದು ರಾತ್ರಿಗೆ 5.2 ಗಂಟೆ, ಸಾಧನ ಹಾಕಿಕೊಂಡದ್ದು 6.5 ಗಂಟೆ, ರಕ್ತದೊತ್ತಡದ ಫಲಿತಾಂಶದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಈ ಅಂಕಿಗಳನ್ನಿಟ್ಟುಕೊಂಡು ಒಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. ಚಿಕಿತ್ಸೆಯಿಲ್ಲದೆ ಗಂಟೆಗೆ 25 ಸಲ ಉಸಿರು ಕಟ್ಟುವ ವ್ಯಕ್ತಿ ಏಳು ಗಂಟೆ ಮಲಗುತ್ತಾನೆನ್ನೋಣ. ರಾತ್ರಿಗೆ 175 ಸಲ. ಸಿಪ್ಯಾಪ್ 5.2 ಗಂಟೆ ಕಟ್ಟಿ ಉಳಿದ ಹೊತ್ತು ಬರಿದೇ ಮಲಗಿದರೆ ಸುಮಾರು 68. ಸಾಧನವನ್ನು 6.5 ಗಂಟೆ ಹಾಕಿಕೊಂಡರೆ ಸುಮಾರು 85. ಸಿಪ್ಯಾಪ್ ಇನ್ನೂ ಮುಂದಿದೆ, ಆದರೆ ಅಂತರ ಎಷ್ಟು ಕುಗ್ಗಿತೆಂದು ಗಮನಿಸಿ. ಈಗ ಸಿಪ್ಯಾಪ್ ಬಳಕೆ ರಾತ್ರಿಗೆ 3.3 ಗಂಟೆಗೆ ಇಳಿದರೆ? ಲೆಕ್ಕ 107ಕ್ಕೆ ಏರಿ, ಸಾಧನವೇ ಮುಂದಾಗುತ್ತದೆ. ಆ 3.3 ಸುಮ್ಮನೆ ಆರಿಸಿದ ಅಂಕಿಯಲ್ಲ. ಭಾರತವೂ ಸೇರಿ ಏಳು ದೇಶಗಳಲ್ಲಿ 2717 ಹೃದ್ರೋಗಿಗಳು ಮತ್ತು ಪಾರ್ಶ್ವವಾಯು ಆದವರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಸೇವ್ ಪ್ರಯೋಗದಲ್ಲಿ ಸಿಪ್ಯಾಪ್‌ನ ಸರಾಸರಿ ಬಳಕೆ ಅಷ್ಟೇ ಇತ್ತು. ಆ ಪ್ರಯೋಗದಲ್ಲಿ ಸಿಪ್ಯಾಪ್ ಪಡೆದವರಿಗೂ ಪಡೆಯದವರಿಗೂ ಹೃದಯಾಘಾತ, ಪಾರ್ಶ್ವವಾಯುಗಳಲ್ಲಿ ವ್ಯತ್ಯಾಸವೇ ಸಿಗಲಿಲ್ಲ. ಯಂತ್ರದ ದೋಷವೆಂದು ಕೆಲವರು, ಬಳಸದ್ದರ ಫಲವೆಂದು ಕೆಲವರು ಅದನ್ನು ಓದಿದರು. ಎರಡನೆಯ ಓದು ಸರಿಯಾದರೆ ಅದು ನಮ್ಮ ವಾದಕ್ಕೇ ಬಲ.

ಈ ಲೆಕ್ಕಕ್ಕೆ ಒಂದು ಕೊಂಕು ತೆಗೆಯಬಹುದು: ಸಿಪ್ಯಾಪ್ ಯಂತ್ರ ತನ್ನ ಗಂಟೆಯನ್ನು ತಾನೇ ದಾಖಲಿಸುತ್ತದೆ, ಬಾಯಿಯ ಸಾಧನದ ಗಂಟೆಯನ್ನು ರೋಗಿ ಬಾಯಲ್ಲಿ ಹೇಳುತ್ತಾನೆ, ಡಾಕ್ಟರ ಮುಂದೆ ಯಾರು ತಾನೇ ಕಡಿಮೆ ಹೇಳುತ್ತಾರೆ? ಬೆಲ್ಜಿಯಂನ ವಾಂಡರ್‌ವೆಕನ್ ಮತ್ತು ಸಂಗಡಿಗರು ಈ ಅನುಮಾನವನ್ನೇ ಪರೀಕ್ಷೆಗೆ ಹಚ್ಚಿದರು. ಸಾಧನದೊಳಗೆ ಬಾಯಿಯ ಬಿಸಿಯನ್ನು ಗುರುತಿಸುವ ಚಿಪ್ ಹುದುಗಿಸಿ 51 ಮಂದಿಯನ್ನು ಮೂರು ತಿಂಗಳು ಗಮನಿಸಿದಾಗ ಸಿಕ್ಕದ್ದು ರಾತ್ರಿಗೆ ಆರೂವರೆ ಗಂಟೆಗೂ ಮೇಲೆ. ಜನರ ಮಾತು ಸುಳ್ಳಾಗಿರಲಿಲ್ಲ. ರಕ್ತದೊತ್ತಡದ ವಿಷಯದಲ್ಲೂ ಸಾಕ್ಷ್ಯ ಒಂದೇ ಅಧ್ಯಯನದ ಮೇಲೆ ನಿಂತಿಲ್ಲ. 2015ರಲ್ಲಿ ಬ್ರ್ಯಾಟನ್ ಮತ್ತು ಸಂಗಡಿಗರು 51 ಪ್ರಯೋಗಗಳ 4888 ಜನರ ಮಾಹಿತಿಯನ್ನು ಒಗ್ಗೂಡಿಸಿದಾಗ ಸಿಪ್ಯಾಪ್ ಮೇಲಿನ ಬಿಪಿಯನ್ನು 2.5 ಅಂಕ, ದವಡೆ ಸಾಧನ 2.1 ಅಂಕ ಇಳಿಸಿದ್ದು ಕಂಡಿತು. ಇವುಗಳ ನಡುವಿನ ವ್ಯತ್ಯಾಸ ಗಣನೆಗೆ ಬರುವಂಥದ್ದಲ್ಲ. ನಮಗೆ ಹೆಚ್ಚು ಹತ್ತಿರದ್ದು 2024ರ ಸಿಂಗಪುರದ ಕ್ರೆಸೆಂಟ್ ಪ್ರಯೋಗ, ಏಕೆಂದರೆ ಅಲ್ಲಿನವರು ಏಷ್ಯಾದ ದವಡೆಯವರು. ಬಿಪಿ ಮತ್ತು ಹೃದಯದ ಅಪಾಯವಿದ್ದ, ಮಧ್ಯಮ ಅಥವಾ ತೀವ್ರ ಆ್ಯಪ್ನಿಯಾದ 220 ಮಂದಿಯನ್ನು ಎರಡು ಗುಂಪು ಮಾಡಿ ಆರು ತಿಂಗಳ ಮೇಲೆ ನೋಡಿದಾಗ, ಬಿಪಿ ಇಳಿಸುವುದರಲ್ಲಿ ದವಡೆ ಸಾಧನ ಸಿಪ್ಯಾಪ್‌ಗೆ ಕಡಿಮೆಯೇನಲ್ಲ ಎಂದು ತಿಳಿಯಿತು. ರಾತ್ರಿಗೆ ಆರು ಗಂಟೆಗಿಂತ ಹೆಚ್ಚು ಬಳಸಿದವರು ಸಾಧನದ ಗುಂಪಿನಲ್ಲಿ ಅರ್ಧಕ್ಕಿಂತ ಜಾಸ್ತಿ, ಸಿಪ್ಯಾಪ್ ಗುಂಪಿನಲ್ಲಿ ಕಾಲುಭಾಗಕ್ಕೂ ಕಡಿಮೆ. ಇನ್ನೊಂದು ಸೂಕ್ಷ್ಮವನ್ನೂ ಮರೆಯಬಾರದು. ಕನಸಿನ ನಿದ್ದೆ ಹೆಚ್ಚಾಗಿ ಬರುವುದು ಬೆಳಗಿನ ಜಾವಕ್ಕೆ, ಸ್ನಾಯುಗಳು ತೀರಾ ಸಡಿಲಗೊಂಡು ಉಸಿರು ಹೆಚ್ಚು ಹೊತ್ತು ಕಟ್ಟುವುದೂ ಆಗಲೇ. ರಾತ್ರಿ ಎರಡು ಗಂಟೆಗೆ ಮುಖವಾಡ ಕಿತ್ತಿಟ್ಟವರು ಆ ಕೆಟ್ಟ ಹೊತ್ತನ್ನೇ ರಕ್ಷಣೆಯಿಲ್ಲದೆ ಕಳೆಯುತ್ತಾರೆ.

ಇಷ್ಟರಿಂದ ಸಿಪ್ಯಾಪ್ ಬೇಡವೆಂದು ಸಾರುವುದು ತಪ್ಪು. ತೀವ್ರ ಕಾಯಿಲೆ, ರಾತ್ರಿ ಆಮ್ಲಜನಕ ತೀರಾ ಇಳಿಯುವುದು, ಅತಿ ಬೊಜ್ಜಿನಿಂದ ಹಗಲಿನಲ್ಲೂ ಉಸಿರು ಸಾಲದಿರುವುದು, ಮಿದುಳೇ ಉಸಿರಾಡಲು ಹೇಳುವುದನ್ನು ಮರೆಯುವ ಇನ್ನೊಂದು ಬಗೆಯ ಆ್ಯಪ್ನಿಯಾ, ಇವಕ್ಕೆ ಯಂತ್ರವೇ ಮೊದಲು. ದವಡೆ ಸಾಧನದ ದೊಡ್ಡ ಕೊರತೆ ಅದು ಎಲ್ಲರಿಗೂ ಒಗ್ಗದಿರುವುದು. ಹಾಕಿಕೊಂಡವರಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಕಾಯಿಲೆ ಹತೋಟಿಗೆ ಬಂದೇಬಿಡುತ್ತದೆ, ಇನ್ನೊಂದು ಭಾಗಕ್ಕೆ ಅರ್ಧಂಬರ್ಧ ಗುಣ, ಮಿಕ್ಕವರಿಗೆ ಹೆಚ್ಚೇನೂ ಪ್ರಯೋಜನವಿಲ್ಲ. ತೂಕ ಕಡಿಮೆ ಇರುವವರು, ಅಂಗಾತ ಮಲಗಿದಾಗ ಮಾತ್ರ ಉಸಿರು ಕಟ್ಟುವವರು, ಹೆಂಗಸರು, ದವಡೆ ಹಿಂದೆ ಸರಿದವರು ಮೊದಲ ಗುಂಪಿಗೆ ಸೇರುವ ಸಾಧ್ಯತೆ ಹೆಚ್ಚು ಎಂಬುದು ಒಂದು ಮಟ್ಟಿಗೆ ಗೊತ್ತು. ಆದರೆ ಎದುರಿಗೆ ಕುಳಿತ ಈ ಒಬ್ಬರು ಯಾವ ಗುಂಪಿನವರೆಂದು ಮುಂಚಿತವಾಗಿ ಖಚಿತವಾಗಿ ಹೇಳುವ ವಿದ್ಯೆ ಇನ್ನೂ ಬಂದಿಲ್ಲ. ಎರಡನೆಯ ಪರೀಕ್ಷೆಯನ್ನು ಷರತ್ತೆಂದು ಕರೆದದ್ದು ಇದಕ್ಕೇ: ಅದಿಲ್ಲದೆ ಮೂರನೇ ಗುಂಪಿನವರು ತಾವು ಮೊದಲ ಗುಂಪಿನವರೆಂದು ನಂಬಿ ವರ್ಷಗಟ್ಟಲೆ ಇರಬಹುದು.

ಹಲ್ಲು ಸರಿದುಹೋಗುತ್ತದೆ ಎಂಬ ಆಕ್ಷೇಪವನ್ನು ಎತ್ತುವವರು ಹೆಚ್ಚಾಗಿ ದಂತವೈದ್ಯರೇ, ಅದರಲ್ಲೂ ಹಲ್ಲಿಗೆ ಕ್ಲಿಪ್ ಹಾಕಿ ಸಾಲು ಸರಿಪಡಿಸುವವರು. ಅವರ ಭಯಕ್ಕೆ ಆಧಾರವಿದೆ. ಸಾಧನವನ್ನು ಸರಾಸರಿ 11 ವರ್ಷ ಬಳಸಿದ 77 ಮಂದಿಯನ್ನು ಕೆನಡಾದಲ್ಲಿ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಲಿನ ಮುಂಹಲ್ಲು ಕೆಳಗಿನದರ ಮೇಲೆ ಕೂರುವ ಪ್ರಮಾಣ ಸರಾಸರಿ 2 ಮಿಲಿಮೀಟರಿಗೂ ಹೆಚ್ಚು ಕಡಿಮೆಯಾಗಿತ್ತು, ಮುಂದೆ ಚಾಚಿಕೊಂಡಿರುವ ಅಂತರವೂ 2 ಮಿಲಿಮೀಟರಿಗೆ ಹತ್ತಿರ ಇಳಿದಿತ್ತು. ವರ್ಷ ಕಳೆದಂತೆ ಬದಲಾವಣೆ ಮುಂದುವರಿಯುತ್ತಲೇ ಇತ್ತು. ಹೊಟ್ಟೆಪಾಡಿಗೆ ನಾಗಸ್ವರ ಊದುವವರಿಗೋ ಶೆಹನಾಯಿ ನುಡಿಸುವವರಿಗೋ ಇದು ದೊಡ್ಡ ವಿಷಯವಾದೀತು. ಉಬ್ಬುಹಲ್ಲಿನವರಿಗೆ ಉಪಕಾರವೇ ಆಗಿಬಿಡುವುದೂ ಉಂಟು. ಉಳಿದವರು ತೂಗಿ ನೋಡಬೇಕಾದದ್ದು ಇಷ್ಟು: ಒಂದು ತಟ್ಟೆಯಲ್ಲಿ ಎರಡು ಮಿಲಿಮೀಟರ್, ಇನ್ನೊಂದರಲ್ಲಿ ದಶಕದುದ್ದಕ್ಕೂ ರಾತ್ರಿ ನೂರು ಸಲ ಉಸಿರು ಕಟ್ಟುವುದು. ಮೊದಲ ವಾರಗಳ ಜೊಲ್ಲು, ಬೆಳಿಗ್ಗೆ ದವಡೆ ಬಿಗಿತ, ಹಲ್ಲು ಸರಿಯಾಗಿ ಕೂಡದಂತೆ ಅನಿಸುವುದು ಇವೆಲ್ಲ ಸಾಮಾನ್ಯ. ಎದ್ದ ಮೇಲೆ ಕೆಲ ನಿಮಿಷ ದವಡೆಯನ್ನು ಮೊದಲಿನ ಜಾಗಕ್ಕೆ ಕೂರಿಸುವ ವ್ಯಾಯಾಮ ಮಾಡಿದರೆ ಬಹಳಷ್ಟು ತಗ್ಗುತ್ತದೆ. ಆದರೆ ಈ ತೂಕವನ್ನು ರೋಗಿಯ ಪರವಾಗಿ ವೈದ್ಯರು ಗುಟ್ಟಾಗಿ ಹಾಕಬಾರದು. ಹಲ್ಲು ಸರಿಯಬಹುದೆಂದು ಮೊದಲೇ ಹೇಳಿ, ಬರೆಸಿಕೊಂಡು, ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ನೋಡಬೇಕು.

ಪಾಶ್ಚಾತ್ಯ ಅಧ್ಯಯನಗಳಲ್ಲಿ ಅಷ್ಟಾಗಿ ಕಾಣದ, ಆದರೆ ಮೈಸೂರಿನಲ್ಲಿ ನಿಂತು ನೋಡಿದರೆ ಎದುರಿಗೇ ಬರುವ ತೊಡಕು ಬೇರೆ. ಸಾಧನ ಹಿಡಿದು ನಿಲ್ಲಲು ಪ್ರತಿ ದವಡೆಯಲ್ಲೂ ಎಂಟು-ಹತ್ತು ಗಟ್ಟಿ ಹಲ್ಲು ಬೇಕು. ಪಿಂಚಣಿದಾರರ ಸ್ವರ್ಗವೆಂದು ಹೆಸರಾದ ಊರಿನಲ್ಲಿ ಆ್ಯಪ್ನಿಯಾ ಹೆಚ್ಚಾಗುವ ವಯಸ್ಸು ಮತ್ತು ಹಲ್ಲು ಉದುರುವ ವಯಸ್ಸು ಒಂದೇ. ಸಕ್ಕರೆ ಕಾಯಿಲೆ ಇದ್ದರಂತೂ ವಸಡು ಸಡಿಲವಾಗಿ ಇರುವ ಹಲ್ಲೂ ಅಲುಗುತ್ತದೆ. ಅಂಥ ಹಲ್ಲಿನ ಮೇಲೆ ರಾತ್ರಿಯಿಡೀ ಎಳೆತದ ಭಾರ ಹಾಕಿದರೆ ಚಿಕಿತ್ಸೆಯೇ ಹಲ್ಲು ಕಿತ್ತಂತಾಗುತ್ತದೆ. ಎರಡನೆಯ ತೊಡಕು ಅಡಿಕೆ. ಮೈಸೂರು ಚಿಗುರೆಲೆ ಎಂಬ ವೀಳ್ಯದೆಲೆಯ ತೋಟಗಳು ಹಿಂದೆ ಹಬ್ಬಿದ್ದದ್ದು ಇದೇ ವಿದ್ಯಾರಣ್ಯಪುರಂ ಕೂಡುವ ನಂಜನಗೂಡು ರಸ್ತೆಯ ಸುತ್ತ. ಅರಮನೆಯ ತೋಟದಿಂದ ಆರಂಭವಾಗಿ ನೂರಾರು ಎಕರೆಗೆ ಹರಡಿದ ಬೆಳೆ ಅದು. ಎಲೆಯ ಮೇಲೆ ಅಪವಾದ ಬೇಡ, ಕೆಡುಕು ಇರುವುದು ಅದರೊಳಗೆ ಮಡಿಚುವ ಅಡಿಕೆಯಲ್ಲಿ, ಈಗಿನ ಕಾಲಕ್ಕೆ ಬಂದರೆ ಗುಟ್ಕಾ ಪೊಟ್ಟಣದಲ್ಲಿ. ವರ್ಷಗಟ್ಟಲೆ ಅಡಿಕೆ ಅಗಿದವರಲ್ಲಿ ಕೆಲವರಿಗೆ ಕೆನ್ನೆಯ ಒಳಪದರ ನಾರಿನಂತೆ ಗಟ್ಟಿಯಾಗಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ, ನಾಲಿಗೆ ಹೊರಚಾಚಲಾಗದು. ಅಚ್ಚಿನ ತಟ್ಟೆಯನ್ನೇ ಒಳಗಿಡಲಾಗದ ಬಾಯಿಗೆ ದವಡೆ ಸಾಧನದ ಮಾತು ಎಲ್ಲಿಂದ? ಈ ರೋಗ ಕ್ಯಾನ್ಸರಿಗೆ ತಿರುಗಬಲ್ಲದ್ದು ಕೂಡ. ಹಲ್ಲಿಲ್ಲದವರಿಗೆ ನಾಲಿಗೆ ಹೀರಿ ಹಿಡಿಯುವ ಸಾಧನ ಒಂದು ದಾರಿ, ದವಡೆಗೆ ಇಂಪ್ಲಾಂಟ್ ಹಾಕಿಸಿ ಅದಕ್ಕೆ ಕಟ್ಟುವುದು ದುಬಾರಿಯಾದ ಇನ್ನೊಂದು ದಾರಿ. ಆದರೂ ಒಪ್ಪಿಕೊಳ್ಳೋಣ: ನಮ್ಮಲ್ಲಿ ಈ ಚಿಕಿತ್ಸೆಗೆ ಅರ್ಹರಾದವರ ಪ್ರಮಾಣ ಸಿಡ್ನಿಗಿಂತ ಕಡಿಮೆ ಇರಲು ಕಾರಣಗಳಿವೆ. ನಲವತ್ತರ ಆಸುಪಾಸಿನಲ್ಲಿ, ಹಲ್ಲು ಗಟ್ಟಿ ಇರುವಾಗ, ಗೊರಕೆಯನ್ನು ಮನೆಮಂದಿಯ ತಮಾಷೆಯಾಗಿ ಬಿಡದೆ ಪರೀಕ್ಷಿಸಿಕೊಂಡವರಿಗೆ ಇದರ ಲಾಭ ಹೆಚ್ಚು.

ತಮಾಷೆಯಾಗಿ ಬಿಡದವರು ಮೊದಲು ಹೋಗುವುದು ಮೊಬೈಲಿಗೆ. ಬಿಸಿನೀರಲ್ಲಿ ಅದ್ದಿ ಕಚ್ಚಿದರೆ ಹಲ್ಲಿನ ಆಕಾರ ತಾಳುವ ಪ್ಲಾಸ್ಟಿಕ್ ಸಾಧನಗಳು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತವೆ. ದಂತವೈದ್ಯರು ಇವನ್ನು ಕಂಡರೆ ಉರಿದುಬೀಳುತ್ತಾರೆ. ಆದರೆ ಸಾಕ್ಷ್ಯ ಅವರೆಣಿಸಿದಷ್ಟು ಏಕಪಕ್ಷೀಯವಲ್ಲ. ಬ್ರಿಟನ್ನಿನ ಕೇಂಬ್ರಿಜ್ ಬಳಿಯ ಪ್ಯಾಪ್‌ವರ್ತ್ ಆಸ್ಪತ್ರೆಯ ಟೊಮಾಡೊ ಪ್ರಯೋಗ 2014ರಲ್ಲಿ 90 ಮಂದಿ ಸೌಮ್ಯ-ಮಧ್ಯಮ ರೋಗಿಗಳಲ್ಲಿ ಮೂರು ಬಗೆಯನ್ನು ಹೋಲಿಸಿತು. ಬಿಸಿನೀರಿನ ಸಾಧನ ಉಸಿರುಕಟ್ಟನ್ನು 26% ಇಳಿಸಿತು. ರೋಗಿ ಮನೆಯಲ್ಲೇ ಕಚ್ಚಿ ಕಳಿಸಿದ ಅಚ್ಚಿನಿಂದ ಮಾಡಿದ್ದು 33%. ದಂತವೈದ್ಯರು ಅಳೆದು ಮಾಡಿದ್ದು 36%. ಖರ್ಚಿನ ಲೆಕ್ಕದಲ್ಲಿ ನಡುವಣದ್ದೇ ಮೇಲೆಂದು ಆ ಸಂಶೋಧಕರು ತೀರ್ಮಾನಿಸಿದರು. ಹಾಗಾದರೆ ದಂತವೈದ್ಯರ ಶುಲ್ಕ ಏತಕ್ಕೆ? ಎರಡು ಕಾರಣಕ್ಕೆ. ಅಗ್ಗದ ಸಾಧನ ಸಡಿಲವಾಗಿ ರಾತ್ರಿ ಬಾಯಿಂದ ಕಳಚುತ್ತದೆ, ರೋಗಿಗಳಿಗೆ ಅದರ ಮೇಲೆ ಒಲವೂ ಕಡಿಮೆ ಎಂಬುದು ಅದೇ ಪ್ರಯೋಗದಲ್ಲಿ ಕಂಡದ್ದು; ಹಾಕಿಕೊಂಡ ಗಂಟೆಗಳೇ ಮುಖ್ಯವೆಂದು ಇಷ್ಟುದ್ದ ವಾದಿಸಿದ ಮೇಲೆ ಅದನ್ನು ಕಡೆಗಣಿಸಲಾಗದು. ಎರಡನೆಯದು ಹೆಚ್ಚು ಗಂಭೀರ. ಪ್ರಯೋಗದ 90 ಮಂದಿಗೆ ಕಾಯಿಲೆ ಎಷ್ಟಿದೆಯೆಂದು ಮೊದಲೇ ಅಳೆದಿದ್ದರು, ಆಮೇಲೂ ಅಳೆದರು. ಮೊಬೈಲಿನಲ್ಲಿ ತರಿಸಿಕೊಂಡವರಿಗೆ ಇದಾವುದೂ ಇಲ್ಲ. ಗೊರಕೆಯ ಸದ್ದು ಮಾತ್ರ ಇಳಿದು ಉಸಿರುಕಟ್ಟು ಹಾಗೇ ಉಳಿದರೆ, ಮನೆಯವರಿಗೆ ಸಿಗುತ್ತಿದ್ದ ಒಂದೇ ಎಚ್ಚರಿಕೆಯನ್ನೂ ಅಳಿಸಿದಂತಾಗುತ್ತದೆ. ನಿದ್ರಾ ಪರೀಕ್ಷೆ ಮಾಡಿಸದೆ ಸಾಧನ ಮಾಡಿಕೊಡುವ ದಂತವೈದ್ಯರ ಮೇಲೂ ಇದೇ ಆರೋಪ ಪೂರ್ತಿಯಾಗಿ ನಿಲ್ಲುತ್ತದೆ, ಅವರ ಅಚ್ಚು ಎಷ್ಟೇ ನಯವಾಗಿರಲಿ.

ಸಾಧನದ ಪರವಾಗಿ ಅಧ್ಯಯನಗಳು ಹೇಳದ ಒಂದು ಮಾತನ್ನು ನಂಜನಗೂಡು ರಸ್ತೆಯೇ ಹೇಳುತ್ತದೆ. ನಂಜನಗೂಡು, ಗುಂಡ್ಲುಪೇಟೆ ದಾಟಿ ಕೋಳಿಕ್ಕೋಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಇದೇ. ಬಂಡೀಪುರ ಕಾಡಿನಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ಗಡುವು ತಪ್ಪಿದ ಲಾರಿಯವರು ದಾರಿಬದಿಯಲ್ಲಿ ನಿಲ್ಲಿಸಿ ಕ್ಯಾಬಿನ್ನಿನಲ್ಲೇ ಮಲಗುತ್ತಾರೆ. ಆ್ಯಪ್ನಿಯಾ ಇರುವ ಚಾಲಕರಿಗೆ ಅಪಘಾತದ ಅಪಾಯ ಇತರರಿಗಿಂತ ಎರಡು ಪಟ್ಟಿಗೂ ಹೆಚ್ಚೆಂದು ಅಧ್ಯಯನಗಳ ಸಮೀಕ್ಷೆಗಳು ತೋರಿಸಿವೆ. ಚಿಕಿತ್ಸೆ ಅತ್ಯಗತ್ಯವಾದ ಈ ಜನಕ್ಕೆ ಕರೆಂಟು ಬೇಡುವ, ನೀರು ತುಂಬಿಸಬೇಕಾದ, ದೂಳಿಗೆ ಫಿಲ್ಟರು ಕಟ್ಟುವ ಯಂತ್ರವನ್ನು ಕ್ಯಾಬಿನ್ನಿನಲ್ಲಿ ಇಟ್ಟುಕೊಳ್ಳಿ ಎನ್ನುವುದು ಹೇಳಿದವರಿಗೇ ನಗು ತರಿಸಬೇಕು. ಡಬ್ಬಿಯಲ್ಲಿಟ್ಟು ಜೇಬಿಗೆ ಹಾಕಿಕೊಳ್ಳುವ ಸಾಧನ ಅವರಿಗೆ ಎರಡನೇ ದರ್ಜೆಯ ಚಿಕಿತ್ಸೆಯಾಗಿ ಕಾಣಬೇಕಿಲ್ಲ. ಹಾಗೆಯೇ ಮಳೆಗಾಲದಲ್ಲಿ ಕರೆಂಟು ಹೋಗಿ ಯಂತ್ರ ನಿಂತು ಮುಖವಾಡದೊಳಗೆ ಎಚ್ಚರವಾಗುವ ಗಾಬರಿ, ಮೂರು ದಿನದ ಮದುವೆಗೆ ಊರಿಗೆ ಹೋದಾಗ ಛತ್ರದ ಹಾಲಿನಲ್ಲಿ ಸಾಲಾಗಿ ಮಲಗುವ ಮುಜುಗರ, ಇವನ್ನೆಲ್ಲ ಯಾವ ಪ್ರಯೋಗವೂ ಅಳೆಯುವುದಿಲ್ಲ. ಯಂತ್ರ ಬೀರುವಿನ ಮೇಲೇರುವುದು ಇಂಥ ಕಾರಣಗಳಿಗೇ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ಯಂತ್ರದೊಳಗಿನ ಸದ್ದಡಗಿಸುವ ಫೋಮ್ ಪುಡಿಯಾಗಿ ಉಸಿರಿಗೆ ಸೇರಬಹುದೆಂದು ಲಕ್ಷಾಂತರ ಯಂತ್ರಗಳನ್ನು ಹಿಂದಕ್ಕೆ ಪಡೆದಾಗ, ಒಂದೇ ಚಿಕಿತ್ಸೆಯ ಮೇಲೆ ಪೂರ್ತಿ ಆತುಕೊಂಡ ರೋಗಿಗಳು ಲೋಕದಾದ್ಯಂತ ಕಂಗೆಟ್ಟರು.

ಬೇರೆ ದಾರಿಗಳೂ ಇವೆ, ಅವನ್ನು ಇಲ್ಲಿ ಬೇಗ ದಾಟೋಣ. ತೂಕ ಇಳಿಸುವುದು ಎಲ್ಲಕ್ಕಿಂತ ಹಳೆಯ ಸಲಹೆ. 2024ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ಆಡಳಿತ ಬೊಜ್ಜಿನ ಜೊತೆಗೆ ಮಧ್ಯಮ-ತೀವ್ರ ಆ್ಯಪ್ನಿಯಾ ಇರುವವರಿಗೆ ಟಿರ್ಜೆಪಟೈಡ್ ಚುಚ್ಚುಮದ್ದನ್ನು ಒಪ್ಪಿದ ಮೇಲೆ ಆ ಸಲಹೆಗೆ ಹೊಸ ಹಲ್ಲು ಬಂದಿದೆ. ಆದರೆ ದಪ್ಪವಿಲ್ಲದ, ದವಡೆ ಚಿಕ್ಕದಾದ ನಮ್ಮವರಿಗೆ ಅದು ಉತ್ತರವಲ್ಲ. ಗಂಟಲಿನ ಸ್ನಾಯುಗಳಿಗೆ ವ್ಯಾಯಾಮ ಕೊಡುವ ವಿಧಾನವಿದೆ. ಬ್ರೆಜಿಲ್‌ನಲ್ಲಿ 2009ರಲ್ಲಿ 31 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಉಸಿರುಕಟ್ಟು ಐದರಲ್ಲಿ ಎರಡು ಪಾಲಿನಷ್ಟು ಇಳಿದಿತ್ತು. ಜೈಪುರದಲ್ಲಿ 30 ಮಂದಿಯ ಪೈಕಿ 16 ಮಂದಿಗೆ ಆರು ತಿಂಗಳು ಶಂಖ ಊದಿಸಿದ ಪ್ರಯೋಗ 2025ರಲ್ಲಿ ಪ್ರಕಟವಾಗಿ ಪತ್ರಿಕೆಗಳಲ್ಲಿ ಸದ್ದು ಮಾಡಿತು. ಗಂಟೆಗೆ ನಾಲ್ಕೈದು ಸಲದಷ್ಟು ಇಳಿಕೆ ಕಂಡದ್ದು ನಿಜ, ಆದರೆ 30 ಮಂದಿಯ ಮೇಲೆ ನಿಂತು ಶಂಖದಿಂದಲೇ ತೀರ್ಥವೆನ್ನುವುದು ಅವಸರ. ಇವೆಲ್ಲ ದವಡೆ ಸಾಧನದ ಜೊತೆಗೆ ಸೇರಿಕೊಳ್ಳಬಹುದಾದವು; ಅದರ ಬದಲಿಗೆ ನಿಲ್ಲುವಷ್ಟು ಪುರಾವೆ ಇನ್ನೂ ಇಲ್ಲ.

ಹಾಗಾದರೆ ಇದನ್ನೆಲ್ಲ ಮಾಡುವವರು ಯಾರು? ಕಾಯಿಲೆ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ವೈದ್ಯರ ಕೆಲಸ, ಸಾಧನ ಮಾಡಿ ಹೊಂದಿಸುವುದು ದಂತವೈದ್ಯರ ಕೆಲಸ; ಅಮೆರಿಕದ ದಂತವೈದ್ಯರ ಸಂಘ 2017ರಲ್ಲಿ ತನ್ನ ಸದಸ್ಯರಿಗೆ, ಎಲ್ಲ ರೋಗಿಗಳಲ್ಲೂ ಇದರ ಲಕ್ಷಣ ಹುಡುಕಿ ವೈದ್ಯರ ಬಳಿಗೆ ಕಳಿಸಿ ಎಂದು ಹೇಳಿತು. ಇದು ನಮಗೆ ಇನ್ನೂ ಹೆಚ್ಚು ಹೊಂದುವ ಸಲಹೆ. ದೇಶದಲ್ಲೇ ಅತಿ ಹೆಚ್ಚು ದಂತ ಕಾಲೇಜುಗಳಿರುವ ರಾಜ್ಯಗಳ ಸಾಲಿನಲ್ಲಿ ಮುಂದಿರುವ ಕರ್ನಾಟಕದಲ್ಲಿ ನಿದ್ರಾ ತಜ್ಞರು ಕೈಬೆರಳೆಣಿಕೆ, ದಂತವೈದ್ಯರು ಬೀದಿಗೊಬ್ಬರು. ಹಲ್ಲುನೋವಿಗೆಂದು ಬಂದವರ ಬಾಯಿ ತೆರೆದಾಗ ದೊಡ್ಡ ನಾಲಿಗೆ, ಕಿರಿದಾದ ಗಂಟಲು, ಸವೆದ ಹಲ್ಲು ಕಣ್ಣಿಗೆ ಬೀಳುವುದು ಅವರಿಗೇ ಮೊದಲು. ಮೈಸೂರಿನ ಮಟ್ಟಿಗೆ ಬೇಕಾದ ವಿದ್ಯೆಗಳೆಲ್ಲ ಊರಿನೊಳಗೇ ಇವೆ: ಮೈಸೂರು ವೈದ್ಯಕೀಯ ಕಾಲೇಜು ಮತ್ತು ಅದರ ಕೆ.ಆರ್. ಆಸ್ಪತ್ರೆ, ವಿದ್ಯಾರಣ್ಯಪುರಂಗೆ ಹತ್ತಿರದ ಜೆಎಸ್ಎಸ್ ಆಸ್ಪತ್ರೆ, ಊರಿನ ಇನ್ನೊಂದು ತುದಿ ಬನ್ನಿಮಂಟಪದಲ್ಲಿ 1986ರಲ್ಲಿ ಶುರುವಾದ ಜೆಎಸ್ಎಸ್ ದಂತ ಕಾಲೇಜು, ಗಂಟಲು-ನಾಲಿಗೆಯ ವ್ಯಾಯಾಮಕ್ಕೆ ಯಾರೂ ಸಾಟಿಯಿಲ್ಲದ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ. ಒಂದು ಬಾಗಿಲಲ್ಲಿ ಬರೆದ ವರದಿ ಇನ್ನೊಂದು ಬಾಗಿಲಿಗೆ ರೋಗಿಯ ಕೈಯಲ್ಲೇ ತಿರುಗುತ್ತ ಹೋಗದೆ, ವೈದ್ಯರು ಮತ್ತು ದಂತವೈದ್ಯರು ವಾರಕ್ಕೊಂದು ಹೊತ್ತು ಒಂದೇ ಕೋಣೆಯಲ್ಲಿ ಕುಳಿತು ನೋಡುವ ಏರ್ಪಾಡು ಇಂಥ ಊರಲ್ಲಿ ಸಾಧ್ಯವಾಗದಿದ್ದರೆ ಬೇರೆಲ್ಲೂ ಆಗುವುದು ಕಷ್ಟ.

ಉಳಿಯುವುದು ದುಡ್ಡಿನ ಪ್ರಶ್ನೆ. ಅಳೆದು ಮಾಡಿದ ಸಾಧನವೂ ಸಿಪ್ಯಾಪ್‌ನಂತೆ ಹತ್ತಾರು ಸಾವಿರ ಬೇಡಬಹುದು, ಕೆಲವು ವರ್ಷಕ್ಕೊಮ್ಮೆ ಹೊಸದು ಬೇಕು. ಕೇಂದ್ರ ಸರ್ಕಾರಿ ನೌಕರರ ಸಿಜಿಎಚ್ಎಸ್ ಯೋಜನೆ ಷರತ್ತಿಗೊಳಪಟ್ಟು ಸಿಪ್ಯಾಪ್ ಖರ್ಚನ್ನು ಭರಿಸುತ್ತದೆ. ದವಡೆ ಸಾಧನವೆಂದರೆ ಖಾಸಗಿ ವಿಮೆಯವರಿಗೆ ಅದು ಹಲ್ಲಿನ ಖರ್ಚು. ಅಪಘಾತದ ಹೊರತು ಹಲ್ಲಿನ ಚಿಕಿತ್ಸೆಯನ್ನು ಹೊರಗಿಡುವುದು ಸಾಮಾನ್ಯ ರೂಢಿ. ಹಲ್ಲಿಗೆ ಕಟ್ಟಿದರೂ ಮದ್ದು ಉಸಿರಿಗೆ ಎಂದು ವಾದಿಸಲು ಮೇಲಿನ ಬಿಪಿ ಅಂಕಿಗಳು ಸಾಕು. ಆದರೆ ಖರ್ಚು ಕಡಿತವಾಗಬೇಕಾದಾಗ ಮೊದಲು ಬೀಳುವುದು ಎರಡನೆಯ ಪರೀಕ್ಷೆಯೇ. ಆಸ್ಪತ್ರೆಯಲ್ಲಿ ಇನ್ನೊಂದು ರಾತ್ರಿ ತಂತಿ ಅಂಟಿಸಿಕೊಂಡು ಮಲಗಲು, ಅದಕ್ಕೆ ಮತ್ತೆ ಕಟ್ಟಲು ರೋಗಿಗೆ ಮನಸ್ಸಿಲ್ಲ, ಗೊರಕೆ ನಿಂತಿದೆಯಲ್ಲ ಎಂದು ಹೇಳಿ ದಂತವೈದ್ಯರೂ ಒತ್ತಾಯಿಸುವುದಿಲ್ಲ. ಬೆರಳಿಗೆ, ಎದೆಗೆ, ಮೂಗಿಗೆ ಸಂವೇದಕ ಕಟ್ಟಿ ಮನೆಯಲ್ಲೇ ಮಲಗಿ ಮಾಡಿಸುವ ಪರೀಕ್ಷೆ ಈಗ ಲಭ್ಯವಿದೆ; ಬೇರೆ ದೊಡ್ಡ ಕಾಯಿಲೆಗಳಿಲ್ಲದವರಲ್ಲಿ ಸಾಧನದ ಫಲ ನೋಡಲು ಅದು ಸಾಕು. ಈ ಪರೀಕ್ಷೆಯ ಬೆಲೆಯನ್ನು ಸಾಧನದ ಶುಲ್ಕದಲ್ಲೇ ಸೇರಿಸಿ ಒಂದೇ ಬಿಲ್ ಮಾಡಿದರೆ, ಫಲಿತಾಂಶ ನೋಡದೆ ಕೊನೆಯ ಕಂತು ಕೊಡುವುದಿಲ್ಲವೆಂದು ರೋಗಿಯೂ ಪಟ್ಟು ಹಿಡಿಯಬಹುದು.